ನೀಲಿ ಮುಚ್ಚಳದ ಕ್ಯಾನು

"ದಯವಿಟ್ಟು ಹೊರಗೆ ಹೋಗಿ."

ರಿಹಾಬ್ ಒಂದು ಕ್ಷಣ ತನ್ನ ಕಿವಿಯನ್ನೇ ನಂಬಲಿಲ್ಲ. ಹೊರಗೆ ಹೋಗಬೇಕಾ? ತನ್ನದೇ ಪ್ರಯೋಗಾಲಯದಿಂದ? ಜೆರ್ಬಾ ದ್ವೀಪದ ಈ ಪ್ರೌಢಶಾಲೆಯಲ್ಲಿ ಒಂದೊಂದು ಗಾಜಿನ ನಳಿಗೆಯನ್ನೂ ತನ್ನ ಕೈಯಾರೆ ತೊಳೆದಿಟ್ಟ ವಿಜ್ಞಾನದ ಮೇಡಂ ಅವಳು!

"ಏನ್ರೀ ಅಂದ್ರಿ?"

"ನಿಮ್ಮ ಮಕ್ಕಳ ಪ್ರಾಯೋಗಿಕ ಪರೀಕ್ಷೆ ಇದು. ಮುಗಿಯೋವರೆಗೂ ನೀವು ಒಳಗಿರೋ ಹಾಗಿಲ್ಲ. ನಿಯಮ." ಎದುರಿಗಿದ್ದ ಎತ್ತರದ ಆಸಾಮಿ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದ. ಹೆಸರು ಲಸ್ಸಾದ್. ಉತ್ತರದ ಬೇಜಾ ಊರಿನಿಂದ ಪರೀಕ್ಷಕನಾಗಿ ಹಿಂದಿನ ರಾತ್ರಿಯಷ್ಟೇ ಬಂದಿಳಿದಿದ್ದ.

"ಹೋಗ್ತೀನಿ. ಒಂದೇ ಒಂದು ಮಾತು... ಆ ನೀಲಿ ಮುಚ್ಚಳದ ಕ್ಯಾನ್ ಇದೆಯಲ್ಲ, ಅದಕ್ಕೆ..."

"ಒಂದು ಮಾತೂ ಬೇಡ!" ಅವನು ಕೈ ಅಡ್ಡ ಹಿಡಿದ. "ಶಾಲೆಯವರು ಸುಳಿವು ಕೊಟ್ರು, ಪರೀಕ್ಷಕ ಕೇಳಿಸಿಕೊಂಡ ಅಂತ ಆಗಬಾರದು. ಹೊರಗೆ, ಮದಾಮ್."

*ಅಬ್ಬಾ, ಎಂಥ ಸೊಕ್ಕು! ಹಾಳಾಗಿ ಹೋಗಲಿ!*

ದಡಾರನೆ ಬಾಗಿಲು ಎಳೆದುಕೊಂಡು ಹೋದಳು. ಆದರೆ ಹೋದವಳು ಪಡಸಾಲೆಯ ಕಿಟಕಿಯಲ್ಲಿ ನಿಂತು ನೋಡಿದ್ದೇನು? ಅವಳ ವಿದ್ಯಾರ್ಥಿನಿ ತಕ್ವಾ ಗಾಬರಿಯಲ್ಲಿ ಸೂಕ್ಷ್ಮದರ್ಶಕದ ಗಾಜು ಒಡೆದಾಗ, ಅದೇ ಸೊಕ್ಕಿನ ಮನುಷ್ಯ ಮಂಡಿಯೂರಿ ಚೂರುಗಳನ್ನು ತಾನೇ ಆರಿಸಿದ. "ನನ್ನ ಪರೀಕ್ಷೇಲಿ ನಾನು ಎರಡು ಒಡೆದಿದ್ದೆ ಕಣಮ್ಮ, ನಿಂದಿನ್ನೂ ಒಂದು ಬಾಕಿ ಇದೆ," ಅಂದ. ತಕ್ವಾ ಅಳುವುದನ್ನು ಬಿಟ್ಟು ನಕ್ಕಳು.

ಕಿಟಕಿಯ ಆಚೆ ರಿಹಾಬ್‌ಳ ತುಟಿಯೂ ಅರಳಿತು. ತಕ್ಷಣ ಬಿಗಿ ಮಾಡಿಕೊಂಡಳು ಅನ್ನಿ!

ಸಂಜೆ ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ಪುದೀನ ಚಹಾ ಕೊಡುವಾಗ ಅವನಿಗೂ ಒಂದು ಲೋಟ ಚಾಚಿದಳು. ಒಂದು ಗುಟುಕು ಕುಡಿದವನು ಕಣ್ಣು ಮುಚ್ಚಿಬಿಟ್ಟ.

"ಇದು ಚಹಾ! ನಾನಿಳಿದಿರೋ ಹೋಟೆಲಿನವನಿಗೆ ಕಾಫಿ ಮಾಡೋಕೇ ಬರಲ್ಲ. ಬೆಳಿಗ್ಗೆ ಚೆನ್ನಾಗಿ ಬೈದು ಬಂದೆ."

ರಿಹಾಬ್‌ಗೆ ನಗು ತಡೆಯಲಾಗಲಿಲ್ಲ. ಪಾಪ, ಆ ಹೋಟೆಲಿನವನದೇನು ತಪ್ಪು? ದ್ವೀಪದ ನಲ್ಲಿ ನೀರೇ ಉಪ್ಪು. ಇಲ್ಲಿ ಚಹಾಕ್ಕೆ, ಅಡುಗೆಗೆ ಅಂಗಳದ ತೊಟ್ಟಿಯಲ್ಲಿ ಕೂಡಿಟ್ಟ ಮಳೆನೀರೇ ಬೇಕು. ಪ್ರಯೋಗಾಲಯಕ್ಕೆ ಬಟ್ಟಿ ಇಳಿಸಿದ ನೀರು ಬರುವುದು ನಿಂತ ಮೇಲೆ ಅವಳು ಮನೆಯ ತೊಟ್ಟಿಯ ನೀರನ್ನೇ ಪರೀಕ್ಷಿಸಿ, ನೀಲಿ ಮುಚ್ಚಳದ ಕ್ಯಾನಿನಲ್ಲಿ ಹೊತ್ತು ತರುತ್ತಿದ್ದಳು. ಬೆಳಿಗ್ಗೆ ಹೇಳಲು ಹೊರಟದ್ದೂ ಅದನ್ನೇ.

"ಸೀ ಲಸ್ಸಾದ್," ಎಂದು ಅಲ್ಲಿನ ರೂಢಿಯಂತೆ ಗೌರವದಿಂದ ಕರೆದಳು. "ನಮ್ಮೂರ ನೀರು..."

"ಪರೀಕ್ಷೆ ಒಂದು ಬಿಟ್ಟು ಏನು ಬೇಕಾದ್ರೂ ಹೇಳಿ," ಎಂದು ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು...

ಅಷ್ಟೇ! ಹೇಳಬೇಕಾದದ್ದು ಅವಳ ತಲೆಯಿಂದ ಹಾರಿಯೇ ಹೋಯಿತು. ಬೇಜಾದ ಗೋಧಿ ಹೊಲಗಳ ಬಗ್ಗೆ ಅವನು ಹೇಳಿದ, ಇವಳು ಕೇಳಿದಳು. ತನ್ನ ಅಜ್ಜಿಯ ಜಗಳಗಂಟಿತನದ ಬಗ್ಗೆ ಇವಳು ಹೇಳಿದಳು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆಗೆ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ರಸಾಯನಶಾಸ್ತ್ರ.

ಪರೀಕ್ಷೆ ಮುಗಿಸಿ ಹೊರಬಂದ ತಕ್ವಾ ನೇರವಾಗಿ ಮೇಡಂ ಹೆಗಲಿಗೆ ಒರಗಿ ಬಿಕ್ಕಿದಳು.

"ಮೂರು ಪುಡಿ ನೀರಲ್ಲಿ ಕರಗಿಸಿ, ಯಾವುದರಲ್ಲಿ ಕ್ಲೋರೈಡ್ ಇದೆ ಅಂತ ಹೇಳ್ಬೇಕಿತ್ತು ಮೇಡಂ. ಸಿಲ್ವರ್ ನೈಟ್ರೇಟ್ ಹನಿ ಹಾಕಿದ್ರೆ ಮೂರೂ ಬೆಳ್ಳಗಾಯ್ತು!"

"ಮೂರೂನಾ? ಯಾವುದೋ ಒಂದೇ ಒಂದು ಆಗ್ಬೇಕಲ್ವೇನೇ?"

"ಗೊತ್ತು ಮೇಡಂ! ಪಕ್ಕದವರೆಲ್ಲ ಪುಸ್ತಕದಲ್ಲಿರೋ ಹಾಗೆ ಒಂದೇ ಅಂತ ಬರೆದ್ರು. ಆದ್ರೆ ನೀವೇ ಅಲ್ವಾ ಹೇಳಿದ್ದು, ಕಣ್ಣಿಗೆ ಕಂಡದ್ದನ್ನೇ ಬರೀರಿ ಅಂತ? ನಾನು ಮೂರೂ ಅಂತ ಬರೆದೆ... ಈ ಅಂಕ ಹೋದ್ರೆ ನನಗೆ ವೈದ್ಯಕೀಯ ಸೀಟು ಸಿಗಲ್ಲ!"

ರಿಹಾಬ್‌ಗೆ ಆ ಕ್ಯಾನಿನ ನೆನಪಾಯಿತು. ಒಳಗೆ ನುಗ್ಗಿದಳು. ನಿನ್ನೆಯೇ ಅರ್ಧ ಖಾಲಿಯಾಗಿದ್ದ ನೀಲಿ ಮುಚ್ಚಳದ ಕ್ಯಾನು ಈಗ ಕಂಠಪೂರ್ತಿ ತುಂಬಿತ್ತು! ಪ್ರಯೋಗಾಲಯದಲ್ಲಿ ಏನನ್ನೂ ನಾಲಿಗೆಗೆ ಸೋಕಿಸಬೇಡಿ ಎಂದು ವರ್ಷವಿಡೀ ಬಡಿದುಕೊಳ್ಳುವವಳೇ ಬೆರಳದ್ದಿ ನಾಲಿಗೆಗೆ ಹಚ್ಚಿದಳು.

ಉಪ್ಪು! ಉಪ್ಪಿನಲ್ಲೇ ಕ್ಲೋರೈಡ್ ಇರುವಾಗ ಮೂರೂ ಬೆಳ್ಳಗಾಗದೆ ಇರುತ್ತದೆಯೇ?

"ಇದಕ್ಕೆ ನಲ್ಲಿ ನೀರು ಹಾಕಿದ್ಯಾರು?"

"ನಾನೇ," ಎಂದ ಲಸ್ಸಾದ್. "ಸಾಲದೆ ಬರುತ್ತೆ ಅಂತ... ನಮ್ಮೂರಲ್ಲಿ ಕಡಿಮೆ ಬಿದ್ದಾಗ ನಾವೆಲ್ಲ ಹಾಗೇ..." ಅವನ ಮುಖದ ಬಣ್ಣ ಇಳಿದುಹೋಯಿತು. "ಹೋಟೆಲಿನ ಕಾಫಿ... ಯಾ ರಬ್ಬಿ, ಅದೂ ಇದೇ ನೀರು!"

"ನಿನ್ನೆ ಬೆಳಿಗ್ಗೆ ಇದನ್ನೇ ಹೇಳೋಕೆ ಬಂದಿದ್ದೆ ಕಣ್ರೀ! ನನ್ನ ಬಾಯಿ ಮುಚ್ಚಿಸಿದ್ರಿ! ಈಗ ಸರಿಮಾಡಿ. ಕಂಡದ್ದು ಬರೆದ ಮಕ್ಕಳಿಗೆ ಅಂಕ ಕೊಡಿ."

"ಮಾದರಿ ಉತ್ತರ ಬಿಟ್ಟು ಅರ್ಧ ಅಂಕ ಕೊಡೋ ಅಧಿಕಾರವೂ ನನಗಿಲ್ಲ ಮದಾಮ್."

"ತಪ್ಪು ನಿಮ್ಮದು, ಶಿಕ್ಷೆ ನನ್ನ ಮಕ್ಕಳಿಗಾ?" ಅವಳ ಕಣ್ಣು ತುಂಬಿತು. "ನಿನ್ನೆ ಸಂಜೆ ನಿಮ್ಮನ್ನ ಎಷ್ಟು ಒಳ್ಳೆಯವರು ಅಂದ್ಕೊಂಡಿದ್ದೆ, ಥೂ!"

ಅವನು ತಲೆ ತಗ್ಗಿಸಿ ಕ್ಯಾನಿನ ನೀಲಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ.

ಮಧ್ಯಾಹ್ನ ಮುಖ್ಯೋಪಾಧ್ಯಾಯ ಸೀ ಹೆದಿಯನ್ನು ಕರೆದುಕೊಂಡು ಬಂದು ನೋಡಿದರೆ ಕ್ಯಾನೇ ಮಾಯ! ಲಸ್ಸಾದನೂ ಇಲ್ಲ! ಅಷ್ಟು ದೊಡ್ಡ ಕ್ಯಾನನ್ನು ತಬ್ಬಿಕೊಂಡು ಬಾಡಿಗೆ ಕಾರು ಹತ್ತಿದನೆಂದು ಕಾವಲುಗಾರ ಹೇಳಿದ.

*ಸಾಕ್ಷಿಯನ್ನೇ ಹೊತ್ತುಕೊಂಡು ಓಡಿದನಲ್ಲ... ಇಂಥವನ ಗುಳಿಗೆನ್ನೆಗೆ ಸೋತೆನಲ್ಲ ನಾನು!*

ಸೀ ಹೆದಿ ಮೇಲಿನವರಿಗೆ ದೂರು ಬರೆದರು. ಉತ್ತರ ಬರಲಿಲ್ಲ. ರಿಹಾಬ್‌ಳ ಮನೆಯಲ್ಲಿ ಚಹಾ ಕುದಿಯುವಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆಯೇ ಅಳು.

"ಇಷ್ಟೊಂದು ಬೈತೀಯಲ್ಲ, ಯಾರೇ ಅವನು?" ಅಜ್ಜಿ ಸಾಲ್ಹಾ ಕೆಣಕಿದಳು. "ನಿಮ್ಮ ತಾತನ್ನ ನಾನು ಹೀಗೇ ಬೈತಿದ್ದೆ."

"ಅಜ್ಜೀ!!"

ಜೂನ್ ಕೊನೆಗೆ ಫಲಿತಾಂಶ ಬಂತು. ಊರಿಗೆ ಊರೇ ಕಾರಿನ ಹಾರನ್ನು ಒತ್ತುತ್ತ ಕುಣಿಯುತ್ತಿತ್ತು. ತಕ್ವಾ ಮೊಬೈಲು ಎತ್ತಿ ಹಿಡಿದುಕೊಂಡು ಓಡಿಬಂದಳು.

"ಮೇಡಂ! ಪ್ರಾಯೋಗಿಕದಲ್ಲಿ ಪೂರ್ತಿ ಅಂಕ! ಸೀಟು ಸಿಕ್ಕ ಹಾಗೇನೇ!"

ರಿಹಾಬ್ ಅವಳನ್ನು ಎತ್ತಿ ಗಿರಕಿ ಹೊಡೆಸಿದಳು. ಆದರೆ... ಹೇಗೆ? ಸೀ ಹೆದಿಯ ಕೋಣೆಗೆ ಓಡಿದಳು.

"ಕೂತ್ಕೋ ಮಗಳೇ," ಎಂದರು ಅವರು. "ನನಗೂ ಇವತ್ತೇ ಗೊತ್ತಾಗಿದ್ದು. ಆ ಹುಡುಗ ಅವತ್ತು ಕ್ಯಾನ್ ಹೊತ್ಕೊಂಡು ಸೀದಾ ರಾಜಧಾನಿಗೇ ಹೋಗಿದ್ದಾನೆ. ಪರೀಕ್ಷಾ ಮಂಡಳಿಯವರ ಮುಂದೆ ಅದೇ ನೀರಲ್ಲಿ ಮೂರೂ ಪುಡಿ ಕರಗಿಸಿ ತೋರಿಸಿದಾನೆ. ತಪ್ಪು ನಂದು, ಕಂಡದ್ದು ಬರೆದ ಮಕ್ಕಳದ್ದೇ ಸರಿ ಅಂತ ಬರೆದುಕೊಟ್ಟಿದಾನೆ. ಪರೀಕ್ಷಕರ ಪಟ್ಟಿಯಿಂದ ಅವನ ಹೆಸರೇ ಹೊಡೆದು ಹಾಕಿದ್ರಂತೆ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಸರ್!"

"ಅಂಕ ಪ್ರಕಟ ಆಗೋವರೆಗೂ ಶಾಲೆಯವರ ಜೊತೆ ಮಾತಾಡೋ ಹಾಗಿಲ್ವಲ್ಲಮ್ಮ. ನಿಯಮ!"

ನಿಯಮವಂತೆ ನಿಯಮ! ರಿಹಾಬ್ ಅಳುತ್ತಲೇ ನಗತೊಡಗಿದಳು. *ಥೂ ಅಂದುಬಿಟ್ಟೆನಲ್ಲ... ಅಂಥ ಮನುಷ್ಯನಿಗೆ!*

ಮನೆಗೆ ಬಂದು ಮುಖ ತೊಳೆಯುತ್ತಿದ್ದಾಗ ಅಂಗಳದ ಬಾಗಿಲಲ್ಲಿ ಅಜ್ಜಿಯ ದನಿ ಜೋರಾಗಿ ಕೇಳಿಸಿತು. "ಕ್ಯಾನ್ ಮಾರೋನಾ? ನಮಗೆ ಬೇಡಪ್ಪ, ಮುಂದಕ್ಕೆ ಹೋಗು!"

"ಮಾರೋನಲ್ಲ ಅಜ್ಜಿ. ವಾಪಸ್ ಕೊಡೋಕೆ ಬಂದಿದೀನಿ."

ರಿಹಾಬ್‌ ಬಾಗಿಲಿಗೆ ಓಡಿಬಂದಳು. ದೂಳು ಹಿಡಿದ ಬೂಟು, ಸುಕ್ಕಾದ ಅಂಗಿ, ಎರಡೂ ಕೈಯಲ್ಲಿ ನೀಲಿ ಮುಚ್ಚಳದ ಖಾಲಿ ಕ್ಯಾನು... ಲಸ್ಸಾದ್!

"ಶಾಲೆಯ ಸ್ವತ್ತು," ಎಂದ ಅವನು ಅವಳ ಕಣ್ಣು ತಪ್ಪಿಸುತ್ತ. "ತುಂಬಿಸಿ ತರೋಣ ಅಂತಿದ್ದೆ. ಆದ್ರೆ ನಮ್ಮೂರ ನೀರನ್ನೂ ಪರೀಕ್ಷೆ ಮಾಡಿ ನೋಡಿದೆ. ಸಿಲ್ವರ್ ನೈಟ್ರೇಟ್ ಹಾಕಿದ್ರೆ ಅದೂ ಸ್ವಲ್ಪ ಮಬ್ಬಾಗುತ್ತೆ. ಇಷ್ಟು ವರ್ಷ ನೋಡೇ ಇರಲಿಲ್ಲ ನಾನು."

"ಹೋಟೆಲಿನವನು?"

"ಮೊದಲು ಅವನ ಹತ್ರ ಕ್ಷಮೆ ಕೇಳಿಯೇ ಇಲ್ಲಿಗೆ ಬಂದೆ. ಇನ್ನೂ ಒಂದು ಕಪ್ ಕುಡಿಸಿದ!"

ಇಬ್ಬರಿಗೂ ನಗು ಉಕ್ಕಿತು. ನಗುತ್ತಿದ್ದ ಹಾಗೇ ರಿಹಾಬ್‌ಳ ಕೆನ್ನೆ ಒದ್ದೆಯಾಯಿತು.

"ಅವತ್ತು ಥೂ ಅಂದೆ ನಿಮಗೆ..."

"ಅದಕ್ಕೂ ಮುಂಚೆ ಒಳ್ಳೆಯವರು ಅಂದ್ಕೊಂಡಿದ್ದೆ ಅಂದ್ರಲ್ಲ, ನಾನು ಅದೊಂದನ್ನೇ ಜೊತೇಲಿ ತಗೊಂಡು ಹೋಗಿದ್ದು."

ಅಜ್ಜಿ ಇಬ್ಬರ ಮುಖವನ್ನೂ ಅತ್ತಿಂದಿತ್ತ ನೋಡಿದಳು. ಆ ಮನೆಯಲ್ಲಿ ತೊಟ್ಟಿಯ ಹಗ್ಗವನ್ನು ಹೊರಗಿನವರು ಯಾರೂ ಮುಟ್ಟುವಂತಿರಲಿಲ್ಲ. ಪಕ್ಕದ ಮನೆಯವರು ಕೈ ಹಾಕಿದರೂ ಸಾಲ್ಹಾ ರಂಪ ಮಾಡುತ್ತಿದ್ದಳು. ಅವಳೇ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟಳು.

"ಬಕೆಟ್ ಇಳಿಸು ಮಗನೇ, ಚಹಾಕ್ಕಿಡ್ತೀನಿ. ಒಂದು ಹನಿ ಚೆಲ್ಲಿದ್ಯೋ, ನೋಡು ಮತ್ತೆ!"

"ಅಜ್ಜೀ..." ರಿಹಾಬ್‌ಳ ಮುಖ ಕೆಂಪೇರಿತು. ಅಜ್ಜಿ ಆಗಲೇ ಅಡುಗೆಮನೆ ಸೇರಿದ್ದಳು.

ಲಸ್ಸಾದ್ ಹಗ್ಗ ಹಿಡಿದು ಹೊಸಿಲ ಆಚೆಯೇ ನಿಂತಿದ್ದ. "ಅವತ್ತು ನೀವೇನೋ ಹೇಳೋಕೆ ಬಂದ್ರಿ, ನಾನು ಕೇಳಲಿಲ್ಲ. ನಾನು ಈಗ ಯಾರ ಪರೀಕ್ಷಕನೂ ಅಲ್ಲ. ಹೇಳಿ ರಿಹಾಬ್, ಪೂರ್ತಿ ಕೇಳ್ತೀನಿ."

"ಪೂರ್ತಿ ಹೇಳೋಕೆ ಬಹಳ ಹೊತ್ತು ಬೇಕು."

"ಎಷ್ಟು?"

"ನನ್ನ ಅಜ್ಜಿ ಮೊಮ್ಮಗಳು ನಾನು. ಮಾತು ಶುರು ಮಾಡಿದ್ರೆ ಮುದುಕಿ ಆಗೋವರೆಗೂ ನಿಲ್ಲಿಸಲ್ಲ."

ಎಡಗೆನ್ನೆಯಲ್ಲಿ ಆ ಗುಳಿ ಮತ್ತೆ ಬಿತ್ತು. "ಅಷ್ಟು ಹೊತ್ತೂ ಇರೋಕೇ ಬಂದಿದೀನಿ. ನೀವಿಲ್ಲದೆ ಆಗಲ್ಲ ನನಗೆ. ಎಲ್ಲಿಂದ ಶುರು ಮಾಡ್ತೀರಿ?"

ರಿಹಾಬ್ ಅವನ ಕೈಯಿಂದ ಕ್ಯಾನು ತೆಗೆದುಕೊಂಡು ಪಕ್ಕಕ್ಕಿಟ್ಟಳು. ಬಾಗಿಲನ್ನು ಪೂರ್ತಿ ತೆರೆದಳು.

"ಮೊದಲು ಒಳಗೆ ಬನ್ನಿ."