ಮೂರು ಪಾಲು ನೀರು

ಮೇ ಹನ್ನೆರಡರ ಬೆಳಿಗ್ಗೆ ತುರ್ಗುನ್ ಅವರ ಶವ ಕಾಲುವೆಯ ಕೆಳಗಿನ ಜಾಲರಿಯಲ್ಲಿ ಸಿಕ್ಕಿತು. ಊರಿಗೆ ನೀರು ಹಂಚುವ ಮಿರಾಬ್ ಅವರು; ಅವರ ಹಂಚಿಕೆಯಲ್ಲಿ ಯಾರೂ ತಪ್ಪು ಕಂಡವರಲ್ಲ. ಮಧ್ಯಾಹ್ನದ ನಮಾಜಿಗೆ ಮುಂಚೆ ಅವರ ಹೆಂಡತಿ ಸಾಲಿಹಾ ಠಾಣೆಗೆ ಬಂದರು.

"ತೂಬು ಕಾಯೋ ಅಸ್ರೋರ್ ಬೇಕಂತಲೇ ನೀರು ಬಿಟ್ಟ. ಹೋದ ವಾರ ಇಬ್ರೂ ಜಗಳ ಆಡಿದ್ರು."

ಕ್ಯಾಪ್ಟನ್ ಮುಹಾಯೊ ಎಫ್‌ಐಆರ್ ದಾಖಲಿಸಿದರು. ಸಾರ್ಜೆಂಟ್ ಎಲ್ಯೋರ್ ಇಬ್ಬರು ಪಂಚರ ಎದುರು ಪಂಚನಾಮೆ ಬರೆದ. ತೂಬಿನ ಬಾಗಿಲು ಮೂವತ್ತಮೂರು ಬೆರಳು ಮೇಲೆದ್ದಿದ್ದ ಗುರುತು ಕಂಬದ ಗ್ರೀಸಿನ ಮೇಲೆ ಸ್ಪಷ್ಟವಾಗಿತ್ತು.

ಅಸ್ರೋರ್‌ನನ್ನು ಕರೆಸಿದರು.

"ಎಷ್ಟು ನೀರು ಬಿಟ್ಟೆ?"

"ಮೂರು ಪಾಲು, ಓಪಾ," ಎಂದ ಅವನು, ಕ್ಯಾಪ್ಟನ್‌ರನ್ನು ಅಕ್ಕ ಎಂದು ಕರೆಯುತ್ತ. "ಪಾಲಿಗೆ ಎರಡು ಬೆರಳು. ಬರೀ ಆರು ಬೆರಳು ಏಳ್ಬೇಕಿತ್ತು. ಅಪ್ಪನಂಥ ತುರ್ಗುನ್ ಓತಾ ಕಾಲುವೆಗಿಳಿದು ಕಸ ತೆಗೀತಿದ್ರು, ಬಿಡು ಅಂದಿದ್ದೂ ಅವ್ರೇ. ನಾನು ಫೋನಲ್ಲಿ ೩ ಅಂತ ಕಳಿಸ್ದೆ."

"ಬಾಗಿಲು ಎತ್ತೋ ಯಂತ್ರ ಫೋನಿಗೆ ಬಗ್ಗಲ್ಲ ಅಂತ ಊರೇ ಹೇಳುತ್ತಲ್ಲ?"

"ಹಿಂದಿನ ದಿನ ಶೆರ್ಮತ್ ಸರಿ ಮಾಡಿದೀನಿ ಅಂದಿದ್ದ."

ತೂಬಿನ ಬಳಿ ಪಂಚರ ಮುಂದೆಯೇ ಅಸ್ರೋರ್ ಮತ್ತೆ ಅದೇ ಸಂದೇಶ ಕಳಿಸಿದ. ಯಂತ್ರದ ಪರದೆ ಕೆಂಪಾಯಿತು: "ಸಂಖ್ಯೆ ಬೇಕು, ಬಂದದ್ದು ಅಕ್ಷರ." ಬಾಗಿಲು ಅಲುಗಲಿಲ್ಲ.

"ಸಿಕ್ಕಿಬಿದ್ದ, ಕ್ಯಾಪ್ಟನ್," ಎಂದ ಎಲ್ಯೋರ್. "ಕೈಯಾರೆ ಎತ್ತಿದಾನೆ."

"ಇಷ್ಟು ಸುಲಭವಾಗಿ ಮುರಿಯೋ ಸುಳ್ಳನ್ನ ಕೊಲೆಗಾರ ಯಾಕಪ್ಪ ಹೇಳ್ತಾನೆ?" ಎಂದರು ಮುಹಾಯೊ.

ಯಂತ್ರದ ಪ್ರೋಗ್ರಾಮ್ ಬರೆದವನು ಶೆರ್ಮತ್. ಅವನನ್ನು ಕೂರಿಸಿ ಕೇಳಿದರು.

"ಈ ಕೆಂಪು ಮಾತು ಯಾರು ಹೇಳೋದು?"

"ನಾನು ಇಟ್ಟ ತಪಾಸಣೆ. ಈ ಪ್ರೋಗ್ರಾಮಿನ ಭಾಷೆ ಏನು ಕೊಟ್ರೂ ತಗೊಳ್ಳುತ್ತೆ, ಓಪಾ. ಸಂಖ್ಯೆಯೋ ಅಕ್ಷರವೋ ಅಂತ ಮೊದಲೇ ಕೇಳಲ್ಲ. ಫೋನಿಂದ ಬರೋ ಅಂಕಿ ಕೂಡ ಅದಕ್ಕೆ ಅಕ್ಷರವೇ. ಅದಕ್ಕೇ ಕೆಲಸ ಶುರುವಾಗೋ ಹೊತ್ತಿಗೆ ನಾವೇ ತಡೆದು ಕೇಳ್ಬೇಕು."

"ಯಾವಾಗ್ಲೂ ಕೇಳುತ್ತಾ?"

"ಯಾವಾಗ್ಲೂ."

"ಈ ಪ್ರೋಗ್ರಾಮ್ ಇನ್ನೆಲ್ಲಿದೆ?"

ಅವನು ತಡವರಿಸಿದ. "ಮೇಲಿನ ತೂಬಲ್ಲಿ. ಅದರ ಮೋಟರ್ ಸುಟ್ಟು, ಪ್ರೋಗ್ರಾಮ್ ಇರೋ ಪೆಟ್ಟಿಗೆ ರಿಪೇರಿ ಅಂಗಡಿಗೆ ಹೋಗಿದೆ."

ಆ ಪೆಟ್ಟಿಗೆ ಅಂಗಡಿಗೆ ಹೋದದ್ದು ಸಾವಿನ ಹಿಂದಿನ ಸಂಜೆ. ಆಮೇಲೆ ಯಾರೂ ಅದಕ್ಕೆ ವಿದ್ಯುತ್ ಕೊಟ್ಟಿರಲಿಲ್ಲ. ಮುಹಾಯೊ ಪಂಚರ ಜೊತೆ ಶೆರ್ಮತ್‌ನನ್ನೂ ಕರೆದೊಯ್ದು ಅದನ್ನು ಚಾಲೂ ಮಾಡಿಸಿದರು. ಎಲ್ಯೋರ್ ತನ್ನ ಫೋನಿನಿಂದ ೩ ಎಂದು ಕಳಿಸಿದ. ಪರದೆ ಕೆಂಪಾಗಲಿಲ್ಲ. ೩೩ ಎಂದು ಮೂಡಿತು. ಅಕ್ಷರವಾಗಿ ಬಂದ ಮೂರನ್ನು ಯಂತ್ರ ಎರಡರಿಂದ ಗುಣಿಸಿರಲಿಲ್ಲ. ಎರಡು ಸಲ ಪಕ್ಕಪಕ್ಕ ಇಟ್ಟು ಅದನ್ನೇ ಅಳತೆ ಎಂದುಕೊಂಡಿತ್ತು.

ಶೆರ್ಮತ್ ಪೆಟ್ಟಿಗೆಯ ಸ್ವಿಚ್ ಆರಿಸಿದ.

"ಎರಡೂ ತೂಬಿನ ತಪಾಸಣೆ ತೆಗೆದ್ರೆ ಫೋನ್ ಕೆಲಸ ಮಾಡುತ್ತೆ ಅಂದ್ಕೊಂಡೆ. ಶವ ಸಿಕ್ಕಿದ ಮೇಲೆ ಯಾರಿಗೂ ಗೊತ್ತಾಗದ ಹಾಗೆ ಕೆಳಗಿನ ತೂಬಿಗೆ ವಾಪಸ್ ಹಾಕ್ದೆ."

"ಅಸ್ರೋರ್ ಜೈಲಿಗೆ ಹೋಗ್ತಿದ್ದ."

"ಗೊತ್ತಿತ್ತು, ಓಪಾ."

ಶೆರ್ಮತ್‌ನನ್ನು ಬಂಧಿಸಿದರು; ಅಸ್ರೋರ್ ಬಿಡುಗಡೆಯಾದ. ಹಣದಾಸೆಯಾಗಲಿ ಹಗೆಯಾಗಲಿ ಶೆರ್ಮತ್‌ನಲ್ಲಿ ಇರಲಿಲ್ಲ. ಚಹಾದಂಗಡಿಯಲ್ಲಿ ಊರಿನವರು ದಿನವೂ "ನಿನ್ನ ತೂಬು ನಮ್ಮತ್ತೆಗಿಂತ ಹಟಮಾರಿ ಕಣೋ" ಎಂದು ನಗುತ್ತಿದ್ದರು. ಆ ನಗೆಯನ್ನು ಅವನಿಂದ ಸಹಿಸಲಾಗಲಿಲ್ಲ. ಆಮೇಲೆ ಹೆದರಿಕೆ ಅವನ ಬಾಯಿ ಕಟ್ಟಿತು.

ಠಾಣೆಯಲ್ಲಿ ಅವನು ತಾನಾಗಿ ಕೇಳಿಕೊಂಡು ಜಿಲ್ಲೆಯ ಎಂಜಿನಿಯರ್‌ಗೆ ಹೇಳಿ ಬರೆಸಿದ: ಸಂದೇಶವನ್ನು ಮೊದಲು ಸಂಖ್ಯೆಯಾಗಿ ಮಾಡಿ, ಆಮೇಲೆ ತಪಾಸಣೆ, ಅದನ್ನು ಎಂದೂ ತೆಗೆಯಬಾರದು. ಆ ವಾರವೇ ಎರಡೂ ತೂಬುಗಳಿಗೆ ಹೊಸ ಪೆಟ್ಟಿಗೆ ಬಂತು.

ಸಾಲಿಹಾ ಬಿಸಿ ರೊಟ್ಟಿ ಹಿಡಿದು ಅಸ್ರೋರ್‌ನ ಮನೆಗೆ ಹೋದರು.

"ಕ್ಷಮಿಸು, ಮಗನೇ. ದುಃಖದಲ್ಲಿ ಬಾಯಿ ಹರಿಬಿಟ್ಟೆ."

"ಜಗಳ ಆಡಿದ್ದು ನಿಜ, ಖಾಲಾ. ಕಸ ತೆಗೆಯೋಕೆ ನಾನು ಇಳೀತೀನಿ ಅಂದೆ, ಓತಾ ಬಿಡಲಿಲ್ಲ."

"ಅವರ ಸಲಿಕೆ ತಗೋ. ಊರಿಗೆ ಇನ್ನು ನೀನೇ ನೀರು ಹಂಚು."

ಇಬ್ಬರೂ ಪ್ರಾರ್ಥನೆಗೆ ಕೈಯೆತ್ತಿದರು. ದಯಾಮಯನಾದ ದೇವರೇ, ನೀರು ಹಂಚಿದ ತುರ್ಗುನ್‌ನ ಗೋರಿಯನ್ನು ಬೆಳಕಿನಿಂದ ತುಂಬು. ಅವನ ಆತ್ಮಕ್ಕೆ ಶಾಂತಿ ಕೊಡು. ಆಮೀನ್.