ಎಡಗಡೆ ಬ್ಯಾಗು

ಅವನು ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ ಅವನ ಬೈಕಿನ ಬಲಗಡೆ ಬ್ಯಾಗು ಹೊಗೆಯಾಡುತ್ತಿತ್ತು. ಮಹಾಶಯನಿಗೆ ಅದು ಗೊತ್ತೇ ಇರಲಿಲ್ಲ. ನಾನೇ ಓಡಿಹೋಗಿ ಒಂದು ಬಕೆಟ್ ನೀರು ಸುರಿದೆ. ಅರ್ಧ ಬ್ಯಾಗಿಗೆ ಬಿತ್ತು, ಇನ್ನರ್ಧ ಅವನ ಪ್ಯಾಂಟಿಗೆ.

"ಸೀಟ್ ಕವರ್ ಅಂಗಡಿ ಅಂತ ಬಂದೆ. ಸ್ನಾನಾನೂ ಮಾಡಿಸ್ತೀರಾ?" ಎಂದ.

"ಸೈಲೆನ್ಸರ್ ಮೇಲೆ ಬ್ಯಾಗ್ ಇಟ್ಕೊಂಡು ಓಡಿಸೋರಿಗೆ ಮಾತ್ರ. ಯಾವ ಬೈಕಿನ ಬ್ಯಾಗಿದು?"

"ಎಲ್ಲಾ ಬೈಕಿಗೂ ಆಗತ್ತೆ ಅಂತ ಬರೆದಿದ್ರು."

"ನೀವು ನಂಬಿದ್ರಿ."

"ನಾನು ಬೇಗ ನಂಬ್ತೀನಿ," ಎಂದು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚುತ್ತದೆ. ಅದನ್ನು ನಾನು ನೋಡಬಾರದಿತ್ತು. ನೋಡಿಬಿಟ್ಟೆ.

ಅವನ ಕಸುಬು ಹಳೆಯ ಫೋಟೋ ರಿಪೇರಿ. ಊರೂರು ಸುತ್ತಿ, ಹುಳ ತಿಂದ, ಮಡಚಿ ಹರಿದ ಫೋಟೋಗಳನ್ನು ಮನೆಗಳಿಂದ ಕೇಳಿ ತಂದು, ತನ್ನ ಕೋಣೆಯಲ್ಲಿ ಕೂತು ಸರಿಮಾಡಿ ವಾಪಸ್ ಕೊಡುವುದು. ಬಲಗಡೆ ಬ್ಯಾಗಿನಲ್ಲಿ ಅವನ ಬಟ್ಟೆ, ಎಡಗಡೆಯದರಲ್ಲಿ ಕಂಡವರ ಮನೆಯ ಫೋಟೋ.

"ಬಲಗಡೆಯದು ಸುಟ್ರೆ ಸುಡಲಿ ಮೇಡಂ. ಎಡಗಡೆಯದು ಮಾತ್ರ ಸೋರಬಾರದು. ಹಳೇ ಫೋಟೋ ನೆಂದು ಒಂದಕ್ಕೊಂದು ಅಂಟಿಕೊಂಡ್ರೆ, ಬಿಡಿಸುವಾಗ ಮುಖಾನೇ ಕಿತ್ತು ಬರತ್ತೆ."

"ಈಗಲೇ ಸೋರ್ತಿದೆಯಲ್ಲ. ಇಷ್ಟು ದಿನ ಏನು ಮಾಡ್ತಿದ್ರಿ?"

"ಒಂದೊಂದನ್ನೂ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಡ್ತೀನಿ."

ಆ ಪ್ಲಾಸ್ಟಿಕ್ಕಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ನನ್ನನ್ನು ಹಾಳು ಮಾಡಿದ್ದು ಅದೇ.

ಬಲಗಡೆ ಬ್ಯಾಗು ಸೈಲೆನ್ಸರಿಗೆ ತಾಗದಂತೆ ಕಬ್ಬಿಣದ ಸರಳು ಬಗ್ಗಿಸಿ ಹಾಕಿಸಿದೆ. ಎಡಗಡೆಯದಕ್ಕೆ ಹೆಚ್ಚು ಕೆಲಸವಿತ್ತು. ಹೊಲಿಗೆಯ ಒಂದೊಂದು ಸೂಜಿ ತೂತಿನಿಂದಲೂ ನೀರು ಇಳಿಯುತ್ತದೆ. ಒಳಗಿನಿಂದ ಹೊಲಿಗೆಯ ಉದ್ದಕ್ಕೂ ನೀರು ತಡೆಯುವ ಪಟ್ಟಿ ಇಟ್ಟು, ಬಿಸಿ ಮಾಡಿ ಒತ್ತಿ ಅಂಟಿಸಬೇಕು. ಆಮೇಲೆ ಪರೀಕ್ಷೆ: ಬ್ಯಾಗಿನೊಳಗೆ ಹಳೆಯ ಪೇಪರ್ ಹಾಸಿ, ಬಾಯಿ ಕಟ್ಟಿ, ಹತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು, ತೆಗೆದು ಪೇಪರ್ ಮುಟ್ಟಿ ನೋಡುವುದು. ಇದು ಅಪ್ಪ ಕಲಿಸಿದ ಪದ್ಧತಿ.

ಆ ಹತ್ತು ನಿಮಿಷ ಇಬ್ಬರಿಗೂ ಬೇರೆ ಕೆಲಸವಿರುವುದಿಲ್ಲ. ನಾನು ಪೈಪು ಹಿಡಿದು ನಿಲ್ಲಬೇಕು, ಅವನು ನನ್ನನ್ನು ನೋಡುತ್ತಾ ನಿಲ್ಲಬೇಕು.

"ನೀರು ಬ್ಯಾಗಿನ ಮೇಲೆ ಬೀಳ್ತಿಲ್ಲ," ಎನ್ನುತ್ತಿದ್ದ.

ನೋಡಿದರೆ ಗೋಡೆಗೆ ಬಿಡುತ್ತಿರುತ್ತಿದ್ದೆ.

ಎರಡನೇ ಸಲ ಮೂಲೆಯಲ್ಲಿ ಒದ್ದೆ ಅಂತ ಬಂದ. ಮೂರನೇ ಸಲ ಬಕಲ್ ಕೆಟ್ಟಿದೆ ಅಂತ ಬಂದ. ಬರುತ್ತಾ ನನಗೊಂದು ನೀಲಿ ದಾರದ ಉಂಡೆ ತಂದಿದ್ದ. "ಅಂಗಡೀಲಿ ಕಂಡಿತು, ನಿಮ್ಮ ನೆನಪಾಯ್ತು," ಎಂದ. ದಾರ ಕಂಡರೆ ನೆನಪಾಗುವ ಹೆಣ್ಣು ನಾನು. ಅದೂ ಸಾಕೆನಿಸಿತು.

"ಅಲ್ಲ ಮಗಳೇ, ಇವನು ಬರೋ ದಾರೀಲಿ ಹೊಲಿಯೋರೆಲ್ಲ ಗುಳೆ ಹೋಗಿದಾರಾ?" ಎಂದರು ಅಪ್ಪ.

"ನಿಮ್ಮ ಕೆಲಸ ನೋಡಿ ಅಪ್ಪ."

"ನಾನು ನೋಡ್ತಿದೀನಿ. ನೀನೇ ನೋಡ್ತಿಲ್ಲ."

ಬಕಲ್ ಬಿಗಿದ ಮೇಲೆ, ನಾಲ್ಕನೇ ಸಲಕ್ಕೆಂದು ಬ್ಯಾಗಿನಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಇನ್ನು ಇವನು ಯಾಕೆ ಬರುತ್ತಾನೆ ಎಂದುಕೊಂಡೆ. ಬಾಯಿಬಿಟ್ಟು ಹೇಳುವುದಕ್ಕೆ ಧೈರ್ಯವಿರಲಿಲ್ಲ. ಕೈಯಲ್ಲಿ ಮಾತ್ರ ಕಸುಬಿತ್ತು. ತಳದ ಮೂಲೆಯ ಪಟ್ಟಿಯನ್ನು ಒಂದು ಬೆರಳಿನಷ್ಟು ಎಬ್ಬಿಸಿದೆ. ಹೇಗೂ ಪ್ಲಾಸ್ಟಿಕ್ ಸುತ್ತಿರುತ್ತಾನೆ, ನಾಲ್ಕು ಹನಿ ಇಳಿದರೆ ಬೈಯುತ್ತಾ ಬರುತ್ತಾನೆ, ಬರಲಿ. ಪರೀಕ್ಷೆ ಮಾಡಲಿಲ್ಲ. ಅವನೂ ಕೇಳಲಿಲ್ಲ.

ಹನ್ನೆರಡು ದಿನಕ್ಕೆ ಬಂದ. ಬೈಯಲಿಲ್ಲ. ಟೇಬಲ್ ಮೇಲೆ ಒಂದು ಗಂಟು ಇಟ್ಟ. ಒಂಬತ್ತು ಫೋಟೋ ನೆಂದು, ಒಣಗಿ, ಒಂದೇ ಗಟ್ಟಿ ಆಗಿದ್ದವು. ಮೇಲಿನದನ್ನು ಬಿಡಿಸಲು ನೋಡಿದ್ದ. ಕೋಟು ಇತ್ತು, ಕುರ್ಚಿ ಇತ್ತು, ಕತ್ತಿನ ಮೇಲೆ ಬರೀ ಬಿಳಿ ಕಾಗದ.

"ಎರಡು ದಿನ ಬಿಡದೆ ಮಳೆ," ಎಂದ. "ಬಾಯಿ ಸರಿಯಾಗಿ ಕಟ್ಟಿರಲಿಲ್ಲ ಅನ್ಸತ್ತೆ. ನನ್ನದೇ ತಪ್ಪು."

"ಪ್ಲಾಸ್ಟಿಕ್?"

"ಪ್ಲಾಸ್ಟಿಕ್ಕಲ್ಲಿ ಬೆವರುತ್ತೆ ಮೇಡಂ, ಅದೂ ಒಳ್ಳೇದಲ್ಲ. ನೀವು ಹೊಲಿದ ಮೇಲೆ ಯಾಕೆ ಬೇಕು ಅಂತ ಬಿಟ್ಟುಬಿಟ್ಟಿದ್ದೆ."

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ತಪ್ಪು ತನ್ನದೆಂದು ನಂಬಿದ್ದ, ಬೇಗ ನಂಬುವವನು. ನನಗೆ ತಡೆಯಲಾಗಲಿಲ್ಲ.

"ಪಟ್ಟಿ ನಾನೇ ಎಬ್ಬಿಸಿದ್ದೆ. ನೀವು ಮತ್ತೆ ಬರಲಿ ಅಂತ."

ಅಪ್ಪನ ಹೊಲಿಗೆ ಮಿಷನ್ ನಿಂತಿತು. ಅವನು ಬ್ಯಾಗಿನ ಆ ಮೂಲೆಗೆ ಬೆರಳು ಹಾಕಿ ನೋಡಿದ. ಬೆರಳಿನ ಅಳತೆಗೇ ಇತ್ತು. ಆಮೇಲೆ, "ಬನ್ನಿ. ಹಿಂದೆ ಕೂತ್ಕೊಳ್ಳಿ," ಎಂದ.

ಅವನ ಹಿಂದೆ ಕೂರುವುದನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಕೂತು ನೋಡಿದ್ದೆನೋ. ಭುಜ ಹಿಡಿಯಬೇಕಾ, ಸೀಟು ಹಿಡಿಯಬೇಕಾ ಎಂಬುದನ್ನೂ ಯೋಚಿಸಿಟ್ಟಿದ್ದೆ. ಸೀಟು ಹಿಡಿದೆ. ಒಂದು ಗಂಟೆ ದಾರಿಯಲ್ಲಿ ಅವನು ಒಂದು ಸಲವೂ ಕನ್ನಡಿಯಲ್ಲಿ ನೋಡಲಿಲ್ಲ.

ಮೆಟ್ಟಿಲ ಕೆಳಗಿನ ಒಂದೇ ಕೋಣೆಯ ಮನೆ. ಒಬ್ಬ ಅಜ್ಜಿ. ಗೋಡೆಯಲ್ಲಿ ಫೋಟೋ ಇದ್ದ ಜಾಗ ಚೌಕವಾಗಿ ಬೆಳ್ಳಗಿತ್ತು, ಮೊಳೆ ಹಾಗೇ ಇತ್ತು.

"ಇಷ್ಟು ಬೇಗ ಆಯ್ತಾ ಮಗಾ?" ಎಂದಳು ಅಜ್ಜಿ. ನನ್ನನ್ನು ನೋಡಿ, "ನಿನ್ನ ಹೆಂಡತೀನಾ? ಜೋಡಿ ಚೆನ್ನಾಗಿದೆ," ಎಂದಳು.

"ಅಲ್ಲಜ್ಜಿ. ಬ್ಯಾಗ್ ಹೊಲಿಯೋರು."

ಫೋಟೋ ಕೊಟ್ಟ. "ಮಳೇಲಿ ನೆಂದುಹೋಯ್ತು. ಮನೆಗೆ ಹೋಗಿ ಕಾಪಿ ತೆಗೀಬೇಕು ಅಂತಿದ್ದೆ, ಅಷ್ಟರಲ್ಲೇ ಹೀಗಾಯ್ತು. ನಾನೇ ಸರಿಯಾಗಿ ಇಟ್ಕೊಂಡಿರಲಿಲ್ಲ," ಎಂದ. ನಾನು ಬಾಯಿ ತೆರೆದೆ. ಅವನು ನನ್ನ ಕಡೆ ತಿರುಗದೆಯೇ ಬೇಡ ಎಂದು ಕೈ ಮಾಡಿದ.

ಅಜ್ಜಿ ಆ ಬಿಳಿ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಅಳಲಿಲ್ಲ, ಬೈಯಲಿಲ್ಲ.

"ಅವರು ಹೋದಾಗ ನನಗೆ ಇಪ್ಪತ್ಮೂರು," ಎಂದಳು. "ಮುಖ ಯಾವಾಗಲೋ ಮರೆತುಹೋಗಿದೆಯಪ್ಪ. ದಿನಾ ಬೆಳಿಗ್ಗೆ ಇದನ್ನ ನೋಡಿ ನೆನಪು ಮಾಡ್ಕೋತಿದ್ದೆ."

ಆಮೇಲೆ ಇಬ್ಬರಿಗೂ ನೀರು ಕೊಟ್ಟಳು. ಕುಡಿಯಲೇಬೇಕಾಯಿತು.

ವಾಪಸ್ ಬಂದು ಅಂಗಡಿ ಮುಂದೆ ಇಳಿದೆವು. ಅವನು ಎಡಗಡೆ ಬ್ಯಾಗು ಬಿಚ್ಚಿ ನನ್ನ ಕೈಗೆ ಕೊಟ್ಟ.

"ಇನ್ನೂ ಎಂಟು ಮನೆ ಇದೆ. ನಾನೊಬ್ಬನೇ ಹೋಗ್ತೀನಿ. ಆ ತೂತು ಮುಚ್ಚಿಕೊಡಿ."

"ಬೇರೆ ಯಾರ ಹತ್ರಾದ್ರೂ ಮಾಡಿಸ್ಬಹುದಲ್ಲ."

"ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲ್ಲ. ನಾನು ಮತ್ತೆ ಈ ಕಡೆ ಬರೋ ಹಾಗಾಗಬಾರದು, ಹಾಗೆ ಮಾಡಿಕೊಡಿ."

ನಾನು ಪಟ್ಟಿ ಬಿಸಿ ಮಾಡಲು ಕೂತೆ. ಅವನು ಬಾಗಿಲಲ್ಲೇ ನಿಂತಿದ್ದ. ಬೈಯುವವನಂತೆ ಅಲ್ಲ, ಮೆತ್ತಗೆ ಹೇಳಿದ:

"ಆ ಬಕಲ್ ಕೆಟ್ಟಿರಲಿಲ್ಲ. ನಾನೇ ಸ್ಕ್ರೂ ಸಡಿಲ ಮಾಡ್ಕೊಂಡು ಬಂದಿದ್ದೆ. ಬ್ಯಾಗ್ ಸೋರದೇ ಇದ್ರೂ ನಾನು ಬರ್ತಿದ್ದೆ ಮೇಡಂ."

ಪಟ್ಟಿಯನ್ನು ಮೂಲೆಗೆ ಒತ್ತಿ ಹಿಡಿದೆ. ಬೆರಳು ಸುಟ್ಟಿತು, ಹಿಡಿದೇ ಇದ್ದೆ.

ಪೇಪರ್ ಹಾಸಿದೆ. ಬಾಯಿ ಕಟ್ಟಿದೆ. ಪೈಪು ಹಿಡಿದೆ. ಹತ್ತು ನಿಮಿಷ ನೀರು ಬಿಟ್ಟೆ, ಈ ಸಲ ಒಂದು ಹನಿಯೂ ಗೋಡೆಗೆ ಹೋಗಲಿಲ್ಲ. ಒಂದೇ ಒಂದು ಕಡೆ ಒದ್ದೆಯಾಗಲಿ, ಇನ್ನೊಂದು ಹತ್ತು ನಿಮಿಷ ಸಿಗುತ್ತದೆ ಎಂದು ಬೇಡಿಕೊಂಡೆ.

ಅವನು ಪೇಪರ್ ತೆಗೆದು, ನಾಲ್ಕೂ ಮೂಲೆ ಮುಟ್ಟಿ ನೋಡಿದ.

"ಎಲ್ಲೂ ಒದ್ದೆಯಾಗಿಲ್ಲ," ಎಂದ.

ಪೇಪರನ್ನು ಮಡಚಿ ಟೇಬಲ್ ಮೇಲಿಟ್ಟು, ಬ್ಯಾಗು ಸಿಕ್ಕಿಸಿಕೊಂಡು ಹೊರಟುಹೋದ. ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ತಿರುವಿನಲ್ಲಿ ಬೈಕು ಬಾಗಿದಾಗಲೂ ಅಲುಗಲಿಲ್ಲ.