ನಿಂಬೆರಸ ಅಳಿಸದ ಕಲೆ

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಉಗ್ರಾಣದ ಬೀಗ ಮುರಿದಿತ್ತು. ಅಯೋಡಿನ್ ತುಂಬಿದ ಒಂದು ಪೀಪಾಯಿ ಮಾಯ. ನೆಲದ ಮೇಲೆ ಚೆಲ್ಲಿದ ಕಪ್ಪು ಹರಳು, ಸುತ್ತ ಕಂದು ಕಲೆ.

ಮೊದಲು ನೋಡಿದವನು ಉಗ್ರಾಣ ಕಾಯುವ ಹಿಲಾರಿಯೋ. ಪುಣ್ಯಾತ್ಮ, ಜನರನ್ನು ಕೂಗುವ ಮೊದಲು ಪೊರಕೆ ಹಿಡಿದು, ಹರಳನ್ನು ಕೈಯಲ್ಲೇ ಬಾಚಿದ! ಸಾರ್ಜೆಂಟ್ ಬಹಮೊಂದೆಸ್ ಬರುವಷ್ಟರಲ್ಲಿ ಅವನ ಹತ್ತೂ ಬೆರಳು ಕಂದು.

"ಕೈಯೇ ಹೇಳ್ತಿದೆಯಲ್ಲ," ಎಂದು ಸಾರ್ಜೆಂಟ್ ಬೇಡಿ ತೊಡಿಸಿದ. "ನಡಿ, ಇಕಿಕೆ ಜೈಲಿಗೆ."

"ಇಪ್ಪತ್ತು ವರ್ಷ ನಂಬಿದ್ವಿ. ಛೆ!" ಎಂದ ಮೇಲ್ವಿಚಾರಕ ದೋನ್ ರೆನಾತೊ. ಅವನ ಕೈ ಮಾತ್ರ ಬೆಳ್ಳಗೆ.

ನನಗೆ ಮೈ ಉರಿಯಿತು. ನಾನು ಈ ಅಯೋಡಿನ್ ಕಾರ್ಖಾನೆಯ ಪ್ರಯೋಗಾಲಯದ ಎರ್ಮಿನಿಯಾ. ಹಿಲಾರಿಯೋ ನನ್ನ ಮಗಳ ಧರ್ಮಪಿತ; ಆ ನಂಟಿಗೆ ನನ್ನನ್ನು 'ಕೊಮಾದ್ರೆ' ಎಂದೇ ಕರೆಯುತ್ತಾನೆ.

"ಊಟ ಮುಗಿಯೋವರೆಗೆ ಟೈಮ್ ಕೊಡಿ, ಸಾರ್ಜೆಂಟ್."

"ಊಟಕ್ಕೇನು?"

"ಮೀನಿನ ಸಾರು."

"ಹಂಗಾದ್ರೆ ಕೊಟ್ಟೆ."

*

ಕ್ಯಾಂಟೀನಿನಲ್ಲಿ ಅಡುಗೆಯ ದೋನ್ಯಾ ಓರ್ಫೆಲಿಯಾ ಸೌಟು ಬಡಿಯುತ್ತಿದ್ದಳು.

"ಪೀಕಾ ಊರಿಂದ ತರಿಸಿದ್ದ ನಿಂಬೆಹಣ್ಣು, ಒಂದು ಬುಟ್ಟಿ! ಶನಿವಾರ ಇತ್ತು, ಈಗಿಲ್ಲ. ಯಾವ ಹಾಳಾದೋನು ಹೊತ್ಕೊಂಡು ಹೋದ್ನೋ!"

"ಪೀಪಾಯಿ ಬಿಟ್ಟು ನಿಂಬೆಹಣ್ಣು ಹುಡುಕ್ಲಾ, ತಾಯಿ?" ಸಾರ್ಜೆಂಟ್ ನಕ್ಕ.

ನಾನು ನಗಲಿಲ್ಲ. ಅಯೋಡಿನ್ ಕಲೆಗೆ ನಿಂಬೆರಸ ಉಜ್ಜಿದರೆ ಬಣ್ಣ ಹೋಗುತ್ತದೆ. ಇದು ನಮ್ಮೂರಿನ ಎಲ್ಲರಿಗೂ ಗೊತ್ತು. ಹಾಗಾದರೆ ಕಂದು ಕೈಯವನನ್ನು ಹಿಡಿದು ಕೂತರೆ ಏನು ಬಂತು? ಹುಡುಕಬೇಕಾದದ್ದು ಬಿಳಿ ಕೈಯವನನ್ನು.

ಭಾನುವಾರ ಇಡೀ ಊರು ಫುಟ್‌ಬಾಲ್ ಮೈದಾನದಲ್ಲಿತ್ತು. ತಂಡಕ್ಕೆ ಹೊಸ ಬಿಳಿ ಜೆರ್ಸಿ ಹಂಚಿದ್ದು ಅಲ್ಲೇ. ಕಾರ್ಖಾನೆ ಶನಿವಾರವೇ ಮುಚ್ಚಿತ್ತು. ಆಟದ ನಡುವೆ ಕಾಣೆಯಾದವರು ಇಬ್ಬರೇ: ಕಾಲು ಉಳುಕಿ ಮನೆಗೆ ಹೋದ ಹಿಲಾರಿಯೋ, 'ಫೋನ್ ಬಂತು' ಎಂದ ರೆನಾತೊ.

ಹಿಲಾರಿಯೋನ ಜೆರ್ಸಿ ಅವನ ಮನೆಯ ಗೂಟದಲ್ಲಿ ಸಿಕ್ಕಿತು. ರೆನಾತೊ ತನ್ನದನ್ನು ತಾನೇ ತಂದುಕೊಟ್ಟ.

"ನೋಡ್ಕೋ ಎರ್ಮಿನಿಯಾ. ಒಂದು ಚುಕ್ಕೆ ಕಲೆಯಿದ್ರೆ ತೋರ್ಸು!"

*

ಎರಡು ಲೋಟ ನೀರಿನಲ್ಲಿ ಎರಡು ಜೆರ್ಸಿಯ ತೋಳಂಚು ನೆನೆಸಿದೆ. ಸ್ವಲ್ಪ ನೀರು ತೆಗೆದು ಸಿಲ್ವರ್ ನೈಟ್ರೇಟ್ ತೊಟ್ಟಿಕ್ಕಿಸಿದೆ. ಎರಡೂ ಮಜ್ಜಿಗೆಯಂತೆ ಬೆಳ್ಳಗಾದವು.

"ಇಬ್ರೂ ಕಳ್ಳರಾ?" ಎಂದ ಸಾರ್ಜೆಂಟ್.

"ಇಬ್ರೂ ಬೆವತಿದ್ದಾರೆ ಅಷ್ಟೇ. ಇದು ಉಪ್ಪಿನಲ್ಲಿರೋ ಕ್ಲೋರೈಡ್. ನಿಮ್ಮ ಅಂಗೀಲೂ ಇದೆ."

ಉಳಿದ ನೀರಿಗೆ ಒಂದೆರಡು ತೊಟ್ಟು ಕ್ಲೋರಿನ್ ನೀರು, ಮೇಲೆ ಸೀಮೆಎಣ್ಣೆ. ಕುಲುಕಿ ಇಟ್ಟೆ. ಎಣ್ಣೆ ಮೇಲೆ ತೇಲಿ ನಿಂತಿತು.

ಹಿಲಾರಿಯೋನದು ತಿಳಿ. ರೆನಾತೊನದು ನೇರಳೆ!

"ಬಣ್ಣ ಹೋಗಿತ್ತಲ್ಲ!" ರೆನಾತೊನ ಬಾಯಿಂದ ಜಾರಿತು.

"ಬಣ್ಣ ಹೋಯ್ತು ದೋನ್ ರೆನಾತೊ, ಅಯೋಡಿನ್ ಹೋಗ್ಲಿಲ್ಲ. ನಿಂಬೆರಸ ತಾಗಿ ಅಯೋಡೈಡ್ ಆಗಿ ಬಟ್ಟೇಲೇ ಕೂತಿತ್ತು. ಅದಕ್ಕೆ ಬಣ್ಣ ಇಲ್ಲ. ಕ್ಲೋರಿನ್ ಅದನ್ನ ಮತ್ತೆ ಅಯೋಡಿನ್ ಮಾಡ್ತು, ಎಣ್ಣೆಗೆ ಬಂದು ನೇರಳೆ ಆಯ್ತು. ಜೆರ್ಸಿ ನಿಮ್ಮ ಮೈಮೇಲೆ ಬಂದಿದ್ದೇ ಭಾನುವಾರ, ಕಾರ್ಖಾನೆ ಮುಚ್ಚಿದ ಮೇಲೆ. ಉಗ್ರಾಣಕ್ಕೆ ಹೋಗದೆ ಇದು ತಾಗೋದೆಲ್ಲಿ? ನಾಲ್ಕು ಚೊಂಬು ನೀರಲ್ಲಿ ತೊಳೆದಿದ್ರೆ ಬಚಾವಾಗ್ತಿದ್ರಿ. ಏನ್ಮಾಡೋದು, ನಮ್ಮ ಮರುಭೂಮಿಗೆ ನೀರಿನ ಟ್ಯಾಂಕರ್ ಬರೋದು ಮಂಗಳವಾರ!"

ರೆನಾತೊ ಜೀಪಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಪೀಪಾಯಿ ಅವನ ಜೀಪಿನ ಹಿಂದೆ, ಗೋಲಿನ ಬಲೆಯ ಕೆಳಗೆ ಸಿಕ್ಕಿತು.

ಸಾರ್ಜೆಂಟ್ ಬೇಡಿ ಬಿಚ್ಚಿದ. ಹಿಲಾರಿಯೋ ಮಣಿಕಟ್ಟು ಉಜ್ಜಿಕೊಳ್ಳುತ್ತ ನನ್ನನ್ನೇ ನೋಡಿದ.

"ಕೊಮಾದ್ರೆ, ಮೊದಲು ಯಾರ ಜೆರ್ಸಿ ಪರೀಕ್ಷೆಗೆ ಹಾಕ್ದೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ನಿಂದೇ. ನಿನ್ನ ಮೇಲೂ ಅನುಮಾನ ಬಂತು."

ಅವನು ತಿಳಿಯಾಗಿದ್ದ ತನ್ನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದ.

"ಒಳ್ಳೇದೇ ಮಾಡ್ದೆ," ಎಂದ. "ನೀನು ಸುಮ್ನೆ ನಂಬಿದ್ರೆ, ನನ್ನನ್ನ ಬೇರೆ ಯಾರು ನಂಬ್ತಿದ್ರು?"